ಎರಡನೇ ಸಾಲಿನ ಸೇಬು

ಬುಧವಾರ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಶಾಲೆಯ ಶೌಚಾಲಯಗಳ ಮುಂದೆ ಇಪ್ಪತ್ತಾರು ಮಕ್ಕಳು ಹೊಟ್ಟೆ ಹಿಡಿದುಕೊಂಡು ನಿಂತಿದ್ದರು. ಮೂರು ಗಂಟೆಗೆ ಅವರಲ್ಲಿ ಆರು ಮಂದಿಯನ್ನು ಆಸ್ಪತ್ರೆಗೆ ಸಾಗಿಸಿದರು. ಸಂಜೆ ಐವರು ಮನೆಗೆ ಹೋದರು. ಮೂರನೇ ತರಗತಿಯ ಒಬ್ಬ ಹುಡುಗಿ ಮಾತ್ರ ಕಣ್ಣು ಗುಳಿಬಿದ್ದು, ಕೈಗೆ ಗ್ಲೂಕೋಸ್ ಸೂಜಿ ಚುಚ್ಚಿಸಿಕೊಂಡು ಅಲ್ಲೇ ಉಳಿದಳು. ಗುರುವಾರ ಮೊದಲ ಗಂಟೆ ಬಾರಿಸುವುದರೊಳಗೆ ಪ್ರಿನ್ಸಿಪಾಲರು ಅಪರಾಧಿಯನ್ನು ಕಂಡುಹಿಡಿದು ಮುಗಿಸಿದ್ದರು. ಅಡುಗೆ ಅಕ್ಕ. ಕೊಳಕು ಕೈ, ಕೊಳಕು ನೀರು, ಅಮಾನತು. ಇಷ್ಟು ತೀರ್ಮಾನಕ್ಕೆ ಅವರಿಗೆ ಹಿಡಿದದ್ದು ಒಂದು ಕಪ್ ಕಾಫಿ ಕುಡಿಯುವಷ್ಟು ಹೊತ್ತು.

ಶಾಲೆಯ ಗ್ರಂಥಪಾಲಕನಿಗೆ ಪ್ರಿನ್ಸಿಪಾಲರ ಬುದ್ಧಿಯ ಅಳತೆ ಹತ್ತೊಂಬತ್ತು ವರ್ಷಗಳಿಂದ ಗೊತ್ತಿತ್ತು. ಅಷ್ಟು ವರ್ಷಗಳಲ್ಲಿ ಅವರು ಗ್ರಂಥಾಲಯಕ್ಕೆ ಬಂದದ್ದು ಎರಡೇ ಸಲ, ಎರಡೂ ಸಲ ಫೋಟೋ ತೆಗೆಸಿಕೊಳ್ಳುವುದಕ್ಕೆ. ಹಾಗಾಗಿ ಅಂದು ಮಧ್ಯಾಹ್ನ ಆತ ಅರ್ಧ ದಿನ ರಜೆ ಬರೆದುಕೊಟ್ಟು, ಅಳುತ್ತಿದ್ದ ಅಡುಗೆ ಅಕ್ಕನನ್ನು ತನ್ನ ಮನೆಗೆ ಕರೆದುಕೊಂಡು ಹೋದ. ಅವನದು ಮಹಡಿಯ ಮೇಲಿನ ಒಂದೂವರೆ ಕೋಣೆ. ಅವನಿಗೆ ಬೇಕಾಗಿದ್ದವರು ಕೆಳಗಿನ ಮನೆಯಲ್ಲಿದ್ದರು.

ಕೆಳಗಿನ ಮನೆಯಾಕೆ ಮೂವತ್ತೊಂದು ವರ್ಷ ಆಹಾರ ಇನ್ಸ್‌ಪೆಕ್ಟರ್ ಆಗಿದ್ದವರು. ಎಷ್ಟೋ ಹೋಟೆಲುಗಳ ಬಾಗಿಲು ಮುಚ್ಚಿಸಿದ್ದವರು. ನಿವೃತ್ತಿಯ ಮೇಲೂ ಊರು ಅವರನ್ನು ಇನ್ಸ್‌ಪೆಕ್ಟರಮ್ಮ ಎಂದೇ ಕರೆಯುತ್ತಿತ್ತು. ತಮ್ಮ ಕೈಲಾಗದ ಕೇಸು ಬಂದಾಗ ಪೊಲೀಸರು ಬೂಟು ಬಿಚ್ಚಿ ಅವರ ಜಗಲಿಯಲ್ಲಿ ಕೂರುತ್ತಿದ್ದರು. ಅಂಥ ಪ್ರತಿಯೊಂದು ಕೇಸಿನಲ್ಲೂ ಗ್ರಂಥಪಾಲಕ ಅವರ ಚೀಲ ಹೊತ್ತು, ಅವರು ಹೇಳಿದ್ದನ್ನು ಬರೆದುಕೊಂಡು ಹಿಂದೆ ಹಿಂದೆ ಸುತ್ತಿದ್ದ. ಪ್ರತಿಫಲವಾಗಿ ಅವನಿಗೆ ಸಿಕ್ಕಿದ್ದೆಲ್ಲ ಬೈಗುಳ. ಆದರೂ ಕರೆದಾಗ ಹೋಗದೆ ಇದ್ದದ್ದಿಲ್ಲ.

ಇನ್ಸ್‌ಪೆಕ್ಟರಮ್ಮ ಬಿಸ್ಕತ್ತು ತಿನ್ನುತ್ತ ಪೂರ್ತಿ ಕೇಳಿಸಿಕೊಂಡರು.

"ಊಟ ಎಷ್ಟು ಗಂಟೆಗೆ?"

"ಹನ್ನೆರಡೂವರೆಗೆ," ಎಂದ ಗ್ರಂಥಪಾಲಕ.

"ಹೊಟ್ಟೆ ಕೆಟ್ಟಿದ್ದು?"

"ಒಂದೂಮುಕ್ಕಾಲಿಗೆ ಶುರುವಾಯ್ತು. ಎರಡಕ್ಕೆಲ್ಲ ಇಪ್ಪತ್ತಾರು ಜನ."

"ಜ್ವರ?"

"ಯಾರಿಗೂ ಇಲ್ಲ."

"ಕೊಳಕು ಕೈಯಂತೆ!" ಇನ್ಸ್‌ಪೆಕ್ಟರಮ್ಮ ಮೂಗು ಮುರಿದರು. "ಕೊಳಕಿನ ಕ್ರಿಮಿ ಹೊಟ್ಟೆಯೊಳಗೆ ಹೋಗಿ, ಬೆಳೆದು, ಕೆಲಸ ಶುರು ಮಾಡೋಕೆ ಸಾಮಾನ್ಯವಾಗಿ ಅರ್ಧ ದಿನವಾದ್ರೂ ಬೇಕು. ಊಟವಾಗಿ ಒಂದೂವರೆ ಗಂಟೆಯೊಳಗೆ ಇಪ್ಪತ್ತಾರು ಜನರನ್ನ ಒಟ್ಟಿಗೆ ಓಡಿಸೋದು ಕ್ರಿಮಿಯಲ್ಲ, ಮನುಷ್ಯ. ನಿಮ್ಮ ಪ್ರಿನ್ಸಿಪಾಲರು ಓದಿದ್ದು ಯಾವ ವಿಷಯ?"

"ಆಡಳಿತ."

"ಮುಖದಲ್ಲೇ ಕಾಣುತ್ತೆ, ಬಿಡಿ. ಏನಮ್ಮ, ನೀನು ಅಳೋದು ನಿಲ್ಲಿಸಿ ಮೊದಲಿಂದ ಹೇಳು."

ಅಡುಗೆ ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಅವಳು ಅಳುತ್ತಿದ್ದದ್ದು ಕೆಲಸ ಹೋಯಿತೆಂದಲ್ಲ, ಬೆಳಿಗ್ಗೆ ಗೇಟಿನ ಹತ್ತಿರ ಒಬ್ಬ ತಾಯಿ ಅವಳನ್ನು ಕಂಡು ಮಗುವಿನ ಕೈ ಹಿಡಿದು ದೂರ ಎಳೆದುಕೊಂಡದ್ದಕ್ಕೆ.

ಆರು ವಾರದ ಹಿಂದೆ ಶಾಲೆಗೆ ಒಬ್ಬ ಆಹಾರ ತಜ್ಞ ಬಂದಿದ್ದ. ಮಕ್ಕಳು ಅವನಿಗೆ ಕ್ಯಾಲೊರಿ ಡಾಕ್ಟರು ಎಂದು ಹೆಸರಿಟ್ಟಿದ್ದರು. ಮಕ್ಕಳು ಕರಿದ ತಿಂಡಿ ಬಿಟ್ಟು ಹಣ್ಣು ತರಕಾರಿ ತಿನ್ನುವಂತೆ ಮಾಡುವುದು ಅವನ ಯೋಜನೆ. ಊಟದ ಹಾಲಿನಲ್ಲಿ ಎರಡು ಸಾಲು ಮಾಡಿಸಿದ. ಮೊದಲನೆಯದು ಅವನದೇ ಮಾದರಿ ಸಾಲು. ಗೋಡೆ ತುಂಬ ನಗುವ ಕ್ಯಾರೆಟ್ಟಿನ ಪೋಸ್ಟರು, ಸ್ಪೀಕರಿನಲ್ಲಿ ನಾರಿನಂಶದ ಬಗ್ಗೆ ಭಾಷಣ, ಇಡೀ ಸೇಬು ತೆಗೆದುಕೊಂಡ ಮಗುವಿಗೆ ಒಂದು ನಕ್ಷತ್ರದ ಸ್ಟಿಕ್ಕರ್. ಎರಡನೇ ಸಾಲು ಬರೀ ಹೋಲಿಕೆಗೆ. ಅಲ್ಲಿ ಎಂದಿನಂತೆ ಬಡಿಸಿದರೆ ಸಾಕು ಎಂದು ಅಡುಗೆ ಅಕ್ಕನಿಗೆ ಅಪ್ಪಣೆಯಾಗಿತ್ತು.

"ಸ್ಟಿಕ್ಕರ್ ಅಂಟಿಸ್ಕೊಂಡು ಸೇಬನ್ನ ಸೀದಾ ಬಕೆಟ್ಟಿಗೆ ಹಾಕ್ತಿದ್ವಮ್ಮ. ಮುಂದಿನ ಹಲ್ಲು ಬಿದ್ದ ಮಕ್ಕಳು ಇಡೀ ಸೇಬು ಹೆಂಗೆ ಕಚ್ತಾವೆ? ನಂಗೆ ನೋಡ್ತಾ ಕೂರಕ್ಕಾಗ್ಲಿಲ್ಲ. ನನ್ನ ಸಾಲಲ್ಲಿ ಸುಮ್ನೆ ಹೆಚ್ಚಿ ಕೊಟ್ಟೆ. ಹಸಿದು ಬರ್ತಾವಲ್ಲ, ಅದಕ್ಕೆ ಹಣ್ಣು ತರಕಾರೀನ ಸಾಲಿನ ಮುಂದಕ್ಕೆ ತಂದಿಟ್ಟೆ. ಒಂದು ಚೂರು ತಿಂದು ನೋಡು, ಸೇರದಿದ್ರೆ ಬಿಡು, ಬಯ್ಯಲ್ಲ ಅಂದೆ. ತಿಂದ್ವು."

"ಡಾಕ್ಟರ್ ಏನಂದ?"

"ಏನೂ ಅನ್ನಲಿಲ್ಲ. ನಾನು ದಿನಾ ಎರಡೂ ಸಾಲಿನ ಎಂಜಲು ಬಕೆಟ್ಟು ತೂಕ ಹಾಕಿ ನೋಟ್‌ಬುಕ್ಕಲ್ಲಿ ಬರೀತಿದ್ದೆ. ವಾರದ್ದು ಕೂಡ್ಸಿ, ಬಕೆಟ್ಟಿನ ತೂಕ ಕಳೆದು ಕೊಡ್ತಿದ್ದಿದ್ದು ಈ ಅಣ್ಣ. ಪ್ರಿನ್ಸಿಪಾಲರು ಒಂದ್ಸಲ ಆ ಬುಕ್ಕು ತಿರುವಿ ನೋಡಿದ್ರು. ಡಾಕ್ಟರು ಒಂದಿನ ತಗೊಂಡು ಹೋಗಿ ಮಾರನೇ ದಿನ ಕೊಟ್ರು. ಈಗ ಆ ಬುಕ್ಕೇ ಇಲ್ಲ. ಬುಧವಾರ ಬೆಳಿಗ್ಗೆ ಕಪಾಟಲ್ಲಿತ್ತು."

"ಬುಧವಾರ ಏನು ಬಡಿಸಿದೆ?"

"ಬ್ರೆಡ್ಡು, ಬೇಳೆ ಸೂಪು, ಬೇಯಿಸಿದ ತರಕಾರಿ. ಅವೆಲ್ಲ ಎರಡೂ ಸಾಲಿಗೂ ಒಂದೇ ಪಾತ್ರೆಯಿಂದ. ಹಣ್ಣು ಮಾತ್ರ ಬೇರೆ. ದಿನಾ ನಾನೂ ನನ್ನ ನಾದಿನೀನೂ ಸೇಬನ್ನ ಮಕ್ಕಳ ಎದುರಿಗೇ ಹೆಚ್ಚಿ ಹೆಚ್ಚಿ ಹಾಕ್ತಿದ್ವಿ. ಬುಧವಾರ ಅವಳು ಹಲ್ಲು ಕೀಳಿಸಕ್ಕೆ ಹೋಗಿದ್ಲು. ಒಬ್ಬಳೇ ಆಗಲ್ಲ ಅಂತ ಒಂಬತ್ತಕ್ಕೇ ಹೆಚ್ಚಿಬಿಟ್ಟೆ. ಕಪ್ಪಾಗಬಾರ್ದಲ್ಲ, ನಿಂಬೆಹಣ್ಣು ಸಕ್ಕರೆ ಹಾಕಿದ ನೀರಲ್ಲಿ ಮುಳುಗಿಸಿ ಹಿಂದಿನ ಬಾಗಿಲ ಹತ್ರ ಕಲ್ಲಿನ ಮೇಲಿಟ್ಟೆ. ಮಾಡಿದಾಗ ರುಚಿ ನೋಡಿದ್ದೆ, ಸಿಹಿಯಾಗಿತ್ತು. ಲೋಟದಲ್ಲಿ ಹಾಕಿ ಕೊಟ್ಟೆ, ರಸ ಸಮೇತ. ಕೆಲವು ಕಹಿ ಅಂತ ಅರ್ಧಕ್ಕೇ ಬಿಟ್ವು. ನಿಂಬೆ ಬೀಜ ಸಿಕ್ಕಿರ್ಬೇಕು ಅಂದ್ಕೊಂಡೆ, ನನ್ನ ಬುದ್ಧಿಗಿಷ್ಟು!"

"ಅಳಬೇಡ. ಹಿಂದಿನ ಬಾಗಿಲಿಂದ ಅವತ್ತು ಯಾರ್ಯಾರು ಬಂದ್ರು?"

"ಯಾರು ಬರಲಿಲ್ಲ ಕೇಳಿ. ಪ್ರಿನ್ಸಿಪಾಲರು ಕಾಫಿಗೆ ಬಂದ್ರು. ಪಿಟಿ ಮೇಷ್ಟ್ರು ಯಾರಿಗೋ ಕಾಲು ಉಳುಕಿದೆ ಅಂತ ಬಿಸಿನೀರಿಗೆ ಬಂದ್ರು. ಡಾಕ್ಟರು ಪೋಸ್ಟರ್ ಅಂಟಿಸೋಕೆ ಬಂದ್ರು. ಎಣ್ಣೆ ಮಾಮ ಡಬ್ಬ ತಗೊಂಡು ಹೋಗೋಕೆ ಬಂದ."

ಎಣ್ಣೆ ಮಾಮ ಎಂದರೆ ಹಾಲಿನ ಮೂಲೆಯಲ್ಲಿ ಕರಿದ ಆಲೂಗಡ್ಡೆಯ ಅಂಗಡಿ ಇಟ್ಟಿದ್ದವನು. ಎರಡನೇ ಸಾಲು ಜೋರಾದಂತೆ ಅವನ ಬಾಣಲೆಯ ಸುತ್ತ ಮಕ್ಕಳು ಕಡಿಮೆಯಾಗಿದ್ದರು. "ಈ ಸೊಪ್ಪು ಸದೆ ಆಟ ಎಷ್ಟು ದಿನ ನಡೆಯುತ್ತೋ ನಾನೂ ನೋಡ್ತೀನಿ," ಎಂದು ಅವನು ಹಾಲಿನ ನಡುವೆ ನಿಂತು ಕೂಗಿದ್ದನ್ನು ಎಲ್ಲರೂ ಕೇಳಿದ್ದರು.

"ಅವನೇ ಇರಬೇಕು," ಎಂದ ಗ್ರಂಥಪಾಲಕ.

"ನೀವು ಪುಸ್ತಕಕ್ಕೆ ನಂಬರು ಹಾಕ್ಕೊಂಡಿರಿ," ಎಂದರು ಇನ್ಸ್‌ಪೆಕ್ಟರಮ್ಮ. "ನಾಳೆ ನನ್ನ ಚೀಲ ಹಿಡ್ಕೊಂಡು ಬನ್ನಿ. ವಾರ ವಾರದ ಲೆಕ್ಕ ಕೂಡಿಸಿದ ಚೀಟಿಗಳೇನಾದ್ರೂ ಇದ್ರೆ ಅವನ್ನೂ ತನ್ನಿ."

ಶುಕ್ರವಾರ ಬೆಳಿಗ್ಗೆ ಪ್ರಿನ್ಸಿಪಾಲರು ಅವರನ್ನು ಬಾಗಿಲಲ್ಲೇ ತಡೆಯಲು ನೋಡಿದರು. ಶನಿವಾರ ದೊಡ್ಡ ಸಮಿತಿ ಬರುವುದಿತ್ತು. ಅವರು ಒಪ್ಪಿದರೆ ಕ್ಯಾಲೊರಿ ಡಾಕ್ಟರನ ಮಾದರಿ ನಲವತ್ತು ಶಾಲೆಗಳಿಗೆ ಹೋಗುತ್ತಿತ್ತು, ಪ್ರಿನ್ಸಿಪಾಲರ ಫೋಟೋ ಅದರ ಜೊತೆಗೆ.

"ಇದು ಶಾಲೆಯ ಹೆಸರಿನ ಪ್ರಶ್ನೆ, ಮೇಡಂ. ಅಡುಗೆಮನೇನ ಫಿನಾಯಿಲ್ ಹಾಕಿ ತೊಳೆಸಿದ್ದೀನಿ. ಎಲ್ಲಾ ಪಾತ್ರೆ ಬೆಳಗಿಸಿದ್ದೀನಿ."

"ಅಂದ್ರೆ ಸಾಕ್ಷಿಯನ್ನೆಲ್ಲ ತೊಳೆದು ಚರಂಡಿಗೆ ಬಿಟ್ಟಿದ್ದೀರಿ. ಭೇಷ್. ಮಾಡಿದವನೂ ನಿಮ್ಮಷ್ಟು ಚೆನ್ನಾಗಿ ಮಾಡ್ತಿರಲಿಲ್ಲ."

ಪ್ರಿನ್ಸಿಪಾಲರ ಮುಖ ಕೆಂಪಾಯಿತು. ತಾವು ಆತುರಪಟ್ಟಿಲ್ಲವೆಂದು ತೋರಿಸಲು ಡ್ರಾಯರಿನಿಂದ ಒಂದು ಪತ್ರ ತೆಗೆದು ಮೇಜಿನ ಮೇಲೆ ಇಟ್ಟರು. ಕ್ಯಾಲೊರಿ ಡಾಕ್ಟರು ಬರೆದದ್ದು, ಹಿಂದಿನ ವಾರದ ಶುಕ್ರವಾರದ ತಾರೀಖು. 'ಎರಡನೇ ಸಾಲಿನಲ್ಲಿ ಹೆಚ್ಚಿದ ಸೇಬನ್ನು ಗಂಟೆಗಟ್ಟಲೆ ನೀರಿನಲ್ಲಿ ಮುಳುಗಿಸಿಡುವ ಅನಾರೋಗ್ಯಕರ ಪದ್ಧತಿಯನ್ನು ಕಣ್ಣಾರೆ ಕಂಡಿದ್ದೇನೆ. ಅನಾಹುತವಾದರೆ ನಾನು ಹೊಣೆಯಲ್ಲ' ಎಂದಿತ್ತು.

"ಒಂದು ವಾರದಿಂದ ಇದು ನಿಮ್ಮ ಹತ್ರ ಇತ್ತಾ?"

"ಟ್ರೇನಲ್ಲಿತ್ತು. ಗುರುವಾರ ಬೆಳಿಗ್ಗೆ ನೋಡಿದೆ. ಕೆಲಸದ ಒತ್ತಡ, ಮೇಡಂ, ಟ್ರೇ ನೋಡೋಕೆ ಪುರುಸೊತ್ತೆಲ್ಲಿ?"

ಇನ್ಸ್‌ಪೆಕ್ಟರಮ್ಮ ಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿದರು. ಶಾಲೆಗೆ ಬರುವ ಪ್ರತಿಯೊಂದು ಕಾಗದಕ್ಕೂ ಗುಮಾಸ್ತ ಹಾಕುವ ನೇರಳೆ ಮೊಹರು ಅದರ ಮೇಲಿರಲಿಲ್ಲ. ಅವರು ಅದನ್ನು ಗ್ರಂಥಪಾಲಕನ ಕೈಯಲ್ಲಿದ್ದ ಚೀಲಕ್ಕೆ ಹಾಕಿದರು. ಸಮಿತಿಗೆಂದು ಹೊಳೆಯುವ ಕಾಗದದಲ್ಲಿ ಅಚ್ಚಾಗಿ ಬಂದಿದ್ದ ಡಾಕ್ಟರನ ವರದಿಯ ಒಂದು ಪ್ರತಿಯನ್ನೂ ಕೇಳಿ ತೆಗೆದುಕೊಂಡರು. ಅದು ಸೋಮವಾರವೇ ಅಚ್ಚಿನಿಂದ ಬಂದಿತ್ತು. ಮುಖಪುಟದಲ್ಲಿ ನಗುವ ಕ್ಯಾರೆಟ್ಟು. ಗ್ರಂಥಪಾಲಕ ಅದನ್ನು ತೆರೆಯುವ ಗೋಜಿಗೂ ಹೋಗಲಿಲ್ಲ.

ಅಡುಗೆಮನೆ ಫಿನಾಯಿಲ್ ಹೊಡೆಯುತ್ತಿತ್ತು. ಆದರೆ ಹಿಂದಿನ ಅಂಗಳದ ಮೂಲೆಯಲ್ಲಿ, ಮುಚ್ಚಳ ಬಿಗಿದ ಒಂದು ಬಕೆಟ್ಟು ಹಾಗೇ ಇತ್ತು. ಬುಧವಾರ ಅಡುಗೆ ಅಕ್ಕ ತೂಕ ಹಾಕಿ ಮುಚ್ಚಿಟ್ಟದ್ದು. ಕಸದ ಗಾಡಿಯವನು ಅಲ್ಲಿಂದೀಚೆಗೆ ಬಂದಿರಲಿಲ್ಲ. ಕಸ ಮುಟ್ಟುವುದು ಪ್ರಿನ್ಸಿಪಾಲರ ಘನತೆಗೆ ಹೊಂದುವಂಥದ್ದಲ್ಲವಾದ್ದರಿಂದ ಅವರ ಕಣ್ಣು ಅತ್ತ ಬಿದ್ದಿರಲಿಲ್ಲ. ಇನ್ಸ್‌ಪೆಕ್ಟರಮ್ಮ ಮುಚ್ಚಳ ತೆಗೆದರು. ಗ್ರಂಥಪಾಲಕ ಕರ್ಚೀಫು ಮೂಗಿಗೆ ಒತ್ತಿಕೊಂಡ.

"ಬಿಸಾಕಿದ ಕಾಗದದ ಲೋಟ. ಎರಡು ಮೂರರ ತಳದಲ್ಲಿ ರಸ ಇನ್ನೂ ಇದೆ," ಎಂದರು ಅವರು, ಚಿನ್ನ ಕಂಡವರಂತೆ. "ಶೀಶೆ ಕೊಡಿ. ಬಗ್ಗಿ ಹಿಡೀರಿ. ವಾಂತಿ ಮಾಡೋದಾದ್ರೆ ಆ ಕಡೆ ತಿರುಗಿ ಮಾಡಿ."

ಶೀಶೆ ಅವರ ಹಳೆಯ ಪ್ರಯೋಗಾಲಯಕ್ಕೆ ಹೋಯಿತು. ಅವರು ಹಾಲಿಗೆ ಬಂದರು. ಅಲ್ಲಿ ಪಿಟಿ ಮೇಷ್ಟ್ರು ಯಾರಾದರೂ ಕೇಳಲಿ ಎಂದೇ ಗೊಣಗುತ್ತಿದ್ದರು.

"ಈ ಶಾಲೆಯಲ್ಲಿ ಯಾವುದಕ್ಕೆ ಭದ್ರತೆ ಇದೆ ಹೇಳಿ! ಉಳುಕಿದ ಕಾಲಿಗೆ ಬಿಸಿನೀರಲ್ಲಿ ಹಾಕೋ ಉಪ್ಪಿನ ಡಬ್ಬ, ಸೋಮವಾರ ಮುಕ್ಕಾಲು ತುಂಬಿತ್ತು. ಬುಧವಾರ ನೋಡಿದ್ರೆ ತಳ ಕಾಣ್ತಿದೆ. ರೂಮಿಗೆ ನಾನೇ ಬೀಗ ಹಾಕೋದು."

"ಬೇರೆ ಯಾರೂ ಆ ರೂಮಲ್ಲಿ ಕೂರೋದಿಲ್ವಾ?"

"ಮಂಗಳವಾರ ಮಂಗಳವಾರ ಡಾಕ್ಟರು ಮಕ್ಕಳ ತೂಕ ನೋಡೋಕೆ ಅಂತ ನನ್ನನ್ನ ಹೊರಗೆ ಹಾಕ್ತಾರೆ. ಪ್ರಿನ್ಸಿಪಾಲರ ಹತ್ರಾನೂ ಒಂದು ಕೀ ಇದೆ. ಹುಡುಗರು ಕಿಟಕಿಯಿಂದಲೂ ಹಾರ್ತಾರೆ. ಯಾರನ್ನ ಅಂತ ಹೇಳಲಿ?"

ಮೂಲೆಯ ಅಂಗಡಿಗೆ ಬಾಗಿಲು ಹಾಕಿತ್ತು. ಎಣ್ಣೆ ಮಾಮ ಎಲ್ಲಿ ಎಂದು ಕೇಳಿದ್ದಕ್ಕೆ ಪಿಟಿ ಮೇಷ್ಟ್ರು ದನಿ ತಗ್ಗಿಸಿದರು. "ಆಸ್ಪತ್ರೆಯಲ್ಲಿ. ಗ್ಲೂಕೋಸ್ ಹಾಕಿದಾರಲ್ಲ, ಆ ಹುಡುಗಿ ಅವನ ಮಗಳು. ಕರಿದದ್ದು ತಿನ್ನಬೇಡ, ಅಕ್ಕನ ಸಾಲಿಗೆ ಹೋಗು ಅಂತ ದಿನಾ ಅವನೇ ಕಳಿಸ್ತಿದ್ದ. ಹೊರಗೆ ಮಾತ್ರ ಬೈಕೊಂಡು ಓಡಾಡ್ತಿದ್ದ."

ಸಂಜೆ ಇನ್ಸ್‌ಪೆಕ್ಟರಮ್ಮ ಜಗಲಿಯಲ್ಲಿ ಕೂತು ಗ್ರಂಥಪಾಲಕನ ಚೀಟಿಗಳನ್ನು ಒಂದೊಂದಾಗಿ ಕೂಡಿಸಿ ನೋಡಿದರು. ಮೂರನೇ ವಾರದ ಚೀಟಿಗೆ ಬಂದಾಗ ನಿಂತರು.

"ಇದೇನಯ್ಯಾ? ಎರಡನೇ ಸಾಲಿನ ಎಂಜಲು, ಐದು ಕಿಲೋ ಒಂಬೈನೂರು ಗ್ರಾಂ ಅಂತ ಬರೆದಿದ್ದೀರಿ. ಗುರುವಾರ ಬಕೆಟ್ಟಿನ ತೂಕ ಕಳೆಯೋದು ಮರೆತಿದ್ದೀರಿ. ಸರಿಯಾದ ಉತ್ತರ ನಾಲ್ಕು ಕಿಲೋ ಏಳುನೂರು."

ಗ್ರಂಥಪಾಲಕ ನೋಡಿದ. ನಿಜವಾಗಿತ್ತು. ಇದೇ ಮೊತ್ತವನ್ನು ತಾನೇ ನೋಟ್‌ಬುಕ್ಕಿಗೂ ಇಳಿಸಿದ್ದ. ಅವನ ಕಿವಿ ಬಿಸಿಯಾಯಿತು. ಪೆನ್ನು ತೆಗೆದ.

"ತಿದ್ದಿದ್ರೆ ಕೈ ಮುರೀತೀನಿ," ಎಂದು ಇನ್ಸ್‌ಪೆಕ್ಟರಮ್ಮ ಚೀಟಿಯನ್ನು ಕಸಿದುಕೊಂಡರು. ಆಮೇಲೆ ಹೊಳೆಯುವ ವರದಿಯನ್ನು ತೆರೆದು ಬಹಳ ಹೊತ್ತು ಓದಿದರು. ಕೊನೆಗೆ ಅದನ್ನು ಮುಚ್ಚಿ, ಗ್ರಂಥಪಾಲಕ ಎಂದೂ ಕಂಡಿರದಷ್ಟು ಸೌಮ್ಯವಾಗಿ ನಕ್ಕು, ಒಳಗೆ ಹೋಗಿ ಸಬ್‌ಇನ್ಸ್‌ಪೆಕ್ಟರಿಗೆ ಫೋನ್ ಮಾಡಿದರು.

ಶನಿವಾರ ಹತ್ತು ಗಂಟೆಗೆ ಎಲ್ಲರೂ ಊಟದ ಹಾಲಿನಲ್ಲಿ ಸೇರಿದ್ದರು. ಸಮಿತಿಯ ಅಧ್ಯಕ್ಷೆ ಮಕ್ಕಳ ಗಿಡ್ಡ ಬೆಂಚಿನ ಮೇಲೆ ಮೊಣಕಾಲು ಮಡಿಸಿ ಕಷ್ಟದಿಂದ ಕೂತಿದ್ದರು. ಪಕ್ಕದಲ್ಲಿ ಪ್ರಿನ್ಸಿಪಾಲರು, ಪಿಟಿ ಮೇಷ್ಟ್ರು. ಮೂರು ರಾತ್ರಿ ನಿದ್ದೆಗೆಟ್ಟ ಎಣ್ಣೆ ಮಾಮ ಗೋಡೆಗೊರಗಿ ನಿಂತಿದ್ದ. ಅಡುಗೆ ಅಕ್ಕ ಮತ್ತು ಊದಿದ ಕೆನ್ನೆಯ ನಾದಿನಿ ಬಾಗಿಲ ಬಳಿ, ಸಬ್‌ಇನ್ಸ್‌ಪೆಕ್ಟರ್ ಮಫ್ತಿಯಲ್ಲಿ ಹಿಂದಿನ ಸಾಲಿನಲ್ಲಿ. ಕ್ಯಾಲೊರಿ ಡಾಕ್ಟರು ಮಾತ್ರ ತನ್ನ ಪೋಸ್ಟರುಗಳ ಕೆಳಗೆ ಆರಾಮವಾಗಿ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ಮುಖದಲ್ಲಿ ಎಲ್ಲವನ್ನೂ ಕ್ಷಮಿಸಿಬಿಟ್ಟವನ ಕಳೆ.

"ಪ್ರಯೋಗಾಲಯದ ವರದಿ ಬಂದಿದೆ," ಎಂದು ಇನ್ಸ್‌ಪೆಕ್ಟರಮ್ಮ ಶುರು ಮಾಡಿದರು. "ಲೋಟದ ರಸದಲ್ಲಿ ಕ್ರಿಮಿ ಇಲ್ಲ, ಕೊಳಕು ಇಲ್ಲ. ಇದ್ದದ್ದು ಭೇದಿ ಉಪ್ಪು. ಪಿಟಿ ಮೇಷ್ಟ್ರು ಕಾಲಿಗೆ ಹಾಕೋ ಅದೇ ಬಿಳಿ ಹರಳು. ಹೊಟ್ಟೆಗೆ ಹೋದ್ರೆ ಒಂದೆರಡು ಗಂಟೆಯೊಳಗೆ ಓಡಿಸುತ್ತೆ. ಅಡುಗೆಯವಳು ರುಚಿ ನೋಡಿದ್ದು ಒಂಬತ್ತಕ್ಕೆ, ಆಗ ಸಿಹಿ. ಬಡಿಸಿದ್ದು ಹನ್ನೆರಡೂವರೆಗೆ, ಆಗ ಕಹಿ. ನಡುವೆ ಹಿಂದಿನ ಬಾಗಿಲಿಂದ ಬಂದವರು ನಾಲ್ಕು ಜನ."

ಎಲ್ಲರೂ ಎಣ್ಣೆ ಮಾಮನ ಕಡೆ ತಿರುಗಿದರು.

"ಅವನನ್ನ ಬಿಡಿ. ಬಾಯಿ ದೊಡ್ಡದು, ಅಷ್ಟೇ. ಮಗಳು ದಿನಾ ಊಟ ಮಾಡೋ ಪಾತ್ರೆಗೆ ಯಾವ ಅಪ್ಪನೂ ಉಪ್ಪು ಸುರಿಯಲ್ಲ. ಪಿಟಿ ಮೇಷ್ಟ್ರು ಮಾಡಿದ್ರೆ, ಡಬ್ಬ ಖಾಲಿಯಾಯ್ತು ಅಂತ ಸಿಕ್ಕಿದವರ ಹತ್ರವೆಲ್ಲ ಬಾಯಿ ಬಡ್ಕೊಂಡು ತಿರುಗ್ತಿದ್ರಾ? ಇನ್ನು ಪ್ರಿನ್ಸಿಪಾಲರು. ಒಂದು ಕೆಲಸವನ್ನ ಮೊದಲಿಂದ ಕೊನೇವರೆಗೆ ಯೋಚಿಸಿ ಮಾಡೋದು ಇವರಿಂದ ಸಾಧ್ಯ ಅಂತ ಇಲ್ಲಿ ಯಾರಾದ್ರೂ ನಂಬ್ತೀರಾ?"

ಒಂದು ಕೈಯೂ ಮೇಲೇಳಲಿಲ್ಲ. ಅದು ಪ್ರಿನ್ಸಿಪಾಲರಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು.

"ಡಾಕ್ಟರೇ, ಈ ಪತ್ರ ನಿಮ್ಮದೇ ತಾನೆ?"

"ಹೌದು. ಮುಂಚೆಯೇ ಎಚ್ಚರಿಸಿದ್ದೆ. ಅನುಭವ ಇಲ್ಲದವರ ಕೈಗೆ ಆಹಾರ ಕೊಟ್ರೆ ಹೀಗೇ ಆಗೋದು. ನನಗೆ ಆ ಹೆಂಗಸಿನ ಮೇಲೆ ಸಿಟ್ಟಿಲ್ಲ. ಅಜ್ಞಾನ ಅಪರಾಧ ಅಲ್ಲ."

"ಎಂಥ ದೊಡ್ಡ ಮನಸ್ಸು! ಬರೆದದ್ದು ಯಾವತ್ತು?"

"ತಾರೀಖು ಇದೆಯಲ್ಲ. ಹೋದ ವಾರದ ಶುಕ್ರವಾರ."

"ಅವತ್ತು ನೀರಲ್ಲಿ ನೆನೆಹಾಕಿದ ಸೇಬು ನೋಡಿದ್ರಾ?"

"ಕಣ್ಣಾರೆ. ಹಿಂದಿನ ಬಾಗಿಲ ಹತ್ರ, ದೊಡ್ಡ ಪಾತ್ರೆಯಲ್ಲಿ."

ಇನ್ಸ್‌ಪೆಕ್ಟರಮ್ಮ ಬಾಗಿಲ ಕಡೆ ನೋಡಿದರು. "ಏನಮ್ಮ, ಹೋದ ಶುಕ್ರವಾರ ಸೇಬು ನೆನೆಹಾಕಿದ್ಯಾ?"

"ಇಲ್ಲಮ್ಮ. ಬುಧವಾರ ಒಂದಿನವೇ. ಅದಕ್ಕೆ ಮೊದ್ಲು ಯಾವತ್ತೂ ಇಲ್ಲ."

"ಶುಕ್ರವಾರ ನಾನೇ ಇದ್ನಲ್ಲ," ಎಂದಳು ನಾದಿನಿ, ಕೆನ್ನೆ ಒತ್ತಿ ಹಿಡಿದು. "ಇಬ್ರೂ ಮಕ್ಕಳ ಎದ್ರಿಗೇ ಹೆಚ್ಚಿದ್ವಿ. ಇನ್ನೂರು ಮಕ್ಕಳು ನೋಡಿದಾರೆ, ಕೇಳಿ ಬೇಕಾದ್ರೆ."

ಕ್ಯಾಲೊರಿ ಡಾಕ್ಟರನ ಮುಖದ ಕ್ಷಮೆ ಕೊಂಚ ಮಾಸಿತು. "ದಿನ ತಪ್ಪಿರಬಹುದು. ಗುರುವಾರವೋ ಏನೋ."

"ಯಾವ ದಿನವೂ ಇಲ್ಲ. ಆ ಪಾತ್ರೆ ಅಲ್ಲಿದ್ದದ್ದು ಬುಧವಾರ ಮಾತ್ರ, ನೀವು ಪೋಸ್ಟರ್ ಅಂಟಿಸೋಕೆ ಬಂದ ದಿನ. ಉಪ್ಪನ್ನ ಮಂಗಳವಾರವೇ ಜೇಬಿಗೆ ಹಾಕ್ಕೊಂಡಿದ್ರಿ, ಎಲ್ಲಾದ್ರೂ ಸುರಿಯೋ ಯೋಚನೆಯಲ್ಲಿ. ಎರಡನೇ ಸಾಲಿಗೆ ಮಾತ್ರ ಹೋಗೋ ಪಾತ್ರೆ ಎದುರಿಗೇ ಸಿಕ್ತು, ಸುರಿದ್ರಿ. ಆಮೇಲೆ ಕೂತು ಹಳೇ ತಾರೀಖು ಹಾಕಿ ಈ ಪತ್ರ ಬರೆದು, ಗುಮಾಸ್ತನಿಗೆ ಕೊಡದೆ, ಟ್ರೇನ ಅಡಿಗೆ ತುರುಕಿದ್ರಿ. ಅದಕ್ಕೇ ಮೊಹರಿಲ್ಲ. ಈ ಪತ್ರದ ಅಗತ್ಯವೇ ಇರಲಿಲ್ಲ, ಗೊತ್ತಾ? ಸುಮ್ಮನಿದ್ದಿದ್ರೆ ಬಹುಶಃ ತಪ್ಪಿಸ್ಕೊಳ್ತಿದ್ರಿ. ಆದ್ರೆ ನಿಮ್ಮಂಥವರಿಗೆ ತಪ್ಪು ಮಾಡಿದ್ರೆ ಸಾಲದು. ‘ನಾನು ಮೊದಲೇ ಹೇಳಿದ್ದೆ’ ಅನ್ನೋ ಹೆಗ್ಗಳಿಕೆಯೂ ಬೇಕು."

"ಹುಚ್ಚು ಮಾತು!" ಡಾಕ್ಟರು ಎದ್ದು ನಿಂತ. "ನನಗ್ಯಾಕೆ ಬೇಕಿತ್ತು ಅದೆಲ್ಲ? ನನ್ನ ಮಾದರಿ ಗೆದ್ದಿದೆ. ವರದಿ ನೋಡಿ. ಅಂಕಿ ಅಂಶ ಇದೆ!"

"ನೋಡೋಣ, ನೋಡೋಣ. ಅದಕ್ಕೇ ಕಾಯ್ತಿದ್ದೆ." ಇನ್ಸ್‌ಪೆಕ್ಟರಮ್ಮ ಹೊಳೆಯುವ ಪುಸ್ತಿಕೆಯನ್ನು ಅಧ್ಯಕ್ಷೆಯ ಮುಂದೆ ಬಿಡಿಸಿಟ್ಟರು. "ಒಂಬತ್ತನೇ ಪುಟ. ಮಾದರಿ ಸಾಲಿನಲ್ಲಿ ಮಕ್ಕಳು ಬಿಸಾಕಿದ ಆಹಾರ. ಮೂರನೇ ವಾರದ್ದು ಗಟ್ಟಿಯಾಗಿ ಓದಿ."

ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡರು. "ಐದು ಕಿಲೋ ಒಂಬೈನೂರು ಗ್ರಾಂ."

ಗ್ರಂಥಪಾಲಕ ತಟ್ಟನೆ ತಲೆ ಎತ್ತಿದ. ಇನ್ಸ್‌ಪೆಕ್ಟರಮ್ಮ ಅವನ ಚೀಟಿಯನ್ನು ಪುಸ್ತಿಕೆಯ ಪಕ್ಕದಲ್ಲಿಟ್ಟರು.

"ಇದು ಅಡುಗೆಯವಳ ನೋಟ್‌ಬುಕ್ಕಿಗೆ ಈ ಮನುಷ್ಯ ಕೂಡಿಸಿಕೊಟ್ಟ ಲೆಕ್ಕ. ಇಲ್ಲೂ ಐದು ಕಿಲೋ ಒಂಬೈನೂರು. ಆದ್ರೆ ಇದು ಎರಡನೇ ಸಾಲಿನದು, ಅವಳದು. ಉಳಿದ ವಾರಗಳದ್ದೂ ನೋಡಿ, ಗ್ರಾಂ ಸಮೇತ ಹೊಂದುತ್ತೆ. ಎರಡು ಸಾಲಿನ ತಲೆಬರಹ ಅದಲು ಬದಲು, ಅಷ್ಟೇ. ಮಕ್ಕಳು ತಿಂದದ್ದು ಅವಳ ಕೈಯಿಂದ, ಹೆಸರು ಈತನ ಮಾದರಿಗೆ."

"ಕಾಕತಾಳೀಯ! ಅಥವಾ ಅವಳೇ ನನ್ನದನ್ನ ನಕಲು ಮಾಡಿದ್ದಾಳೆ! ನಾನೂ ತೂಕ ಹಾಕಿದ್ದೆ."

"ತೂಕ ಹಾಕಿದ್ರೆ ನಿಮಗೆ ನಾಲ್ಕು ಕಿಲೋ ಏಳುನೂರು ಬರಬೇಕಿತ್ತು. ಐದು ಒಂಬೈನೂರು ತಪ್ಪು ಉತ್ತರ. ಈ ಪುಣ್ಯಾತ್ಮ ಗುರುವಾರ ಬಕೆಟ್ಟಿನ ತೂಕ ಕಳೆಯೋದು ಮರೆತಿದ್ದಾನೆ, ದಿನದಿನದ ಲೆಕ್ಕ ಇದೇ ಚೀಟಿಯಲ್ಲಿದೆ. ಎಂಜಲಿನ ತೂಕ ಇಬ್ಬರಿಗೂ ಒಂದೇ ಬರಬಹುದು, ಡಾಕ್ಟರೇ. ಇವನ ದಡ್ಡತನವೂ ನಿಮಗೆ ಗ್ರಾಂ ಲೆಕ್ಕದಲ್ಲಿ ಬಂತಾ?"

ಹಾಲಿನಲ್ಲಿ ಯಾರೋ ಕೆಮ್ಮಿದರು. ಗ್ರಂಥಪಾಲಕ ನೆಲ ನೋಡುತ್ತ ನಿಂತ. ನಾಚಿಕೆಯೋ ಹೆಮ್ಮೆಯೋ ಅವನಿಗೇ ತಿಳಿಯಲಿಲ್ಲ.

"ನೋಟ್‌ಬುಕ್ಕನ್ನ ಒಂದು ದಿನ ತಗೊಂಡು ಹೋದದ್ದು ನಕಲು ಮಾಡೋಕೆ. ಇವತ್ತು ಸಮಿತಿ ಈ ಹಾಲಿಗೆ ಬಂದು ಅಡುಗೆಯವಳನ್ನ ಎರಡು ಮಾತು ಕೇಳಿದ್ದಿದ್ರೆ, ನೋಟ್‌ಬುಕ್ಕು ತೆರೆದು ತೋರಿಸ್ತಿದ್ಲು, ನಿಮ್ಮ ನಲವತ್ತು ಶಾಲೆ ಗಾಳಿಗೆ ಹೋಗ್ತಿತ್ತು. ಅದಕ್ಕೆ ಬುಧವಾರ ನೋಟ್‌ಬುಕ್ಕನ್ನೂ ಮಾಯ ಮಾಡಿದ್ರಿ, ಅವಳ ಮರ್ಯಾದೆಯನ್ನೂ ಕಳೆದ್ರಿ. ಮಕ್ಕಳಿಗೆ ವಿಷ ಹಾಕಿದವಳು ಅನ್ನಿಸಿಕೊಂಡವಳ ಮಾತನ್ನ ಯಾರು ಕೇಳ್ತಾರೆ?"

"ವಿಷ ಅಲ್ಲ!" ಡಾಕ್ಟರನ ದನಿ ಕೀಚಲಾಯಿತು. "ಯಾರಿಗೂ ಅಪಾಯ ಆಗ್ತಿರಲಿಲ್ಲ. ಮಕ್ಕಳ ತೂಕ ನನಗೆ ಗೊತ್ತಿತ್ತು. ಒಂದು ಲೋಟಕ್ಕೆ ಎಷ್ಟು ಅಂತ ಅಳತೆ ಮಾಡಿಯೇ ಹಾಕಿದ್ದೆ!"

ಅಂದ ಮೇಲೆ ತಾನು ಅಂದದ್ದೇನೆಂದು ಅವನಿಗೆ ಹೊಳೆಯಿತು.

ಗೋಡೆಗೊರಗಿದ್ದ ಎಣ್ಣೆ ಮಾಮ ನಿಧಾನವಾಗಿ ಮುಂದೆ ಬಂದ. "ನನ್ನ ಮಗಳು ಗೆಳತಿಯರು ಬಿಟ್ಟ ಲೋಟಾನೂ ಕುಡಿದ್ಲು. ನಾಲ್ಕು ಲೋಟ. ಅವಳಿಗೆ ಸೇಬು ಅಂದ್ರೆ ಅಷ್ಟು ಇಷ್ಟ. ಅದು ನಿನ್ನ ಅಳತೇಲಿ ಇತ್ತೇನಯ್ಯಾ?"

ಅವನು ಕೈ ಎತ್ತಲಿಲ್ಲ. ಆದರೂ ಡಾಕ್ಟರು ಹಿಂದೆ ಸರಿದು ತನ್ನದೇ ಪೋಸ್ಟರಿಗೆ ಒರಗಿದ. ಸಬ್‌ಇನ್ಸ್‌ಪೆಕ್ಟರ್ ಎದ್ದು ಬಂದು ಅವನ ತೋಳು ಹಿಡಿದ. ನೋಟ್‌ಬುಕ್ಕು ಅಂದೇ ಸಂಜೆ ಅವನ ಕಾರಿನ ಸೀಟಿನ ಅಡಿಯಲ್ಲಿ ಸಿಕ್ಕಿತು. ಅದನ್ನು ಸುಡುವಷ್ಟು ಬುದ್ಧಿಯೂ ಅವನಿಗಿರಲಿಲ್ಲ.

ಪ್ರಿನ್ಸಿಪಾಲರು ಗಂಟಲು ಸರಿಮಾಡಿಕೊಂಡರು. "ಮೇಡಂ, ಇದನ್ನ ಹೊರಗೆ ಹೇಳಬೇಕಾ? ಶಾಲೆಯ ಹೆಸರು..."

"ಒಬ್ಬ ಕಳ್ಳನನ್ನ ತಲೆ ಮೇಲೆ ಕೂರಿಸ್ಕೊಂಡಿದ್ರಿ. ಇಪ್ಪತ್ತು ವರ್ಷ ನಿಮ್ಮ ಮಕ್ಕಳಿಗೆ ಅನ್ನ ಹಾಕಿದವಳನ್ನ ಒಂದು ಮಾತೂ ಕೇಳದೆ ಹೊರಗೆ ಹಾಕಿದ್ರಿ. ಈಗಲೂ ನಿಮ್ಮ ಬಾಯಿಂದ ಅವಳ ಕ್ಷಮೆ ಕೇಳೋ ಮಾತು ಬರಲಿಲ್ಲ, ಹೆಸರಿನ ಮಾತು ಬಂತು." ಇನ್ಸ್‌ಪೆಕ್ಟರಮ್ಮ ಚೀಲವನ್ನು ಗ್ರಂಥಪಾಲಕನ ಕೈಗೆ ತುರುಕಿದರು. "ನಡೀರಿ. ಇಲ್ಲಿ ಫಿನಾಯಿಲ್ ವಾಸನೆಗಿಂತ ಕೆಟ್ಟದ್ದು ಏನೋ ಇದೆ."

ಪ್ರಿನ್ಸಿಪಾಲರು ಕ್ಷಮೆ ಕೇಳಿದರು, ಅಧ್ಯಕ್ಷೆ ಕಣ್ಣು ಬಿಟ್ಟ ಮೇಲೆ. ಅಡುಗೆ ಅಕ್ಕ ತಲೆಯಾಡಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡುಗೆಮನೆಗೆ ಹೋದಳು.

ಸೋಮವಾರ ಮಧ್ಯಾಹ್ನ ಗ್ರಂಥಪಾಲಕ ಗ್ರಂಥಾಲಯಕ್ಕೆ ಬೀಗ ಹಾಕಿ ಊಟದ ಹಾಲಿಗೆ ಹೋದ. ಪೋಸ್ಟರುಗಳನ್ನು ಕಿತ್ತ ಗೋಡೆಯ ಮೇಲೆ ಅಂಟಿನ ಕಲೆಗಳಿದ್ದವು. ಎರಡನೇ ಸಾಲಿನ ಹಿಂದೆ ಅಡುಗೆ ಅಕ್ಕ ಚಾಕು ಹಿಡಿದು ನಿಂತಿದ್ದಳು. ಅವಳ ಮುಂದೆ ತೊಳೆದ ಸೇಬಿನ ರಾಶಿ. ಸಾಲಿನಲ್ಲಿ ಒಂದು ಮಗುವೂ ಇರಲಿಲ್ಲ. ಮನೆಯಲ್ಲಿ ಏನು ಹೇಳಿ ಕಳಿಸಿದ್ದರೋ, ಮಕ್ಕಳು ದೂರದಲ್ಲಿ ಗುಂಪುಗಟ್ಟಿ ನೋಡುತ್ತಿದ್ದರು. ಪೊಲೀಸರು ಹಿಡಿದುಕೊಂಡು ಹೋದದ್ದು ಯಾರನ್ನು ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ಹೊಟ್ಟೆಗೆ ನ್ಯಾಯ ತೀರ್ಮಾನ ತಿಳಿಯುವುದಿಲ್ಲ, ನೋವು ಮಾತ್ರ ನೆನಪಿರುತ್ತದೆ.

ಅಡುಗೆ ಅಕ್ಕ ಒಂದು ಸೇಬು ಹೆಚ್ಚಿದಳು. ಇನ್ನೊಂದು ಹೆಚ್ಚಿದಳು. ಯಾರೂ ಬರಲಿಲ್ಲ. ಅವಳ ಕೈ ನಿಧಾನವಾಯಿತು.

ಆಗ ಮೂಲೆಯಲ್ಲಿ ಎಣ್ಣೆ ಮಾಮ ಒಲೆ ಆರಿಸಿದ. ಅಂಗಿಗೆ ಕೈ ಒರೆಸಿಕೊಂಡು, ಬೆಂಚಿನ ಮೇಲೆ ಕೂತಿದ್ದ ಮಗಳ ಕೈ ಹಿಡಿದುಕೊಂಡು ಹಾಲಿನ ನಡುವೆ ನಡೆದು ಬಂದ. ಹುಡುಗಿಯ ಕೈಯ ಮೇಲೆ ಸೂಜಿಯ ನೀಲಿ ಕಲೆ ಇನ್ನೂ ಇತ್ತು. ಇಬ್ಬರೂ ತಟ್ಟೆ ತೆಗೆದುಕೊಂಡು ಎರಡನೇ ಸಾಲಿನ ಮುಂದೆ ನಿಂತರು.

"ನನಗೂ ಹಾಕಕ್ಕ," ಎಂದ ಅವನು, ಇಡೀ ಹಾಲಿಗೆ ಕೇಳಿಸುವಂತೆ. "ನಮ್ಮ ಎದುರಿಗೇ ಹೆಚ್ಚು. ಸಣ್ಣದಾಗಿ. ಇವಳಿಗೆ ಮುಂದಿನ ಹಲ್ಲಿಲ್ಲ."

ಅಡುಗೆ ಅಕ್ಕನ ಚಾಕು ಟಕಟಕನೆ ಆಡಿತು. ಹುಡುಗಿ ಒಂದು ಹೋಳು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಅಗಿದಳು. ನೂರಾರು ಮಕ್ಕಳು ಅವಳ ದವಡೆಯನ್ನೇ ನೋಡುತ್ತಿದ್ದರು. ನುಂಗಿದಳು. ಇನ್ನೊಂದಕ್ಕೆ ಕೈ ಚಾಚಿದಳು.

ದೂರದ ಗುಂಪಿನಿಂದ ಒಂದು ಮಗು ತಟ್ಟೆ ಹಿಡಿದು ಹೊರಟಿತು. ಅದರ ಹಿಂದೆ ಎರಡು. ಗ್ರಂಥಪಾಲಕ ತಾನೂ ಒಂದು ತಟ್ಟೆ ತೆಗೆದುಕೊಂಡು ಅವರ ಹಿಂದೆ ಸಾಲಿನಲ್ಲಿ ನಿಂತ.